ಕೋಸಿನ ಹುಳ ಮತ್ತು ಬೊಗಸೆ ನೀರು

ಹೋದ ವಾರ ಇಲ್ಲೇ ನಾಲ್ಕು ಸಾಲು ಬರೆದಿದ್ದೆ. ಎಲೆಕೋಸಿನ ಹುಳ ತಡೆಯೋಕೆ ಹೊಲದ ನಡುವೆ ಸಾಸಿವೆ ಸಾಲು ಹಾಕ್ತಾರಲ್ಲ, ಅದನ್ನ ಮಾಡಿ ನೋಡಿದೋರು ಯಾರಾದ್ರೂ ಇದ್ರೆ ಹೇಳಿ ಅಂತ. ನಮ್ಮ ಸಂಘಟನೆಯ ಹಿರಿಯರೊಬ್ಬರು ಕೆಳಗೆ ಕಮೆಂಟ್ ಹಾಕಿದ್ರು: "ಏನಪ್ಪ, ಚಳವಳಿ ಬಿಟ್ಟು ಕೃಷಿ ಇಲಾಖೆ ಸೇರ್ಕೊಂಡ್ಯಾ?" ಜೊತೆಗೆ ಮೂರು ನಗುವ ಮುಖ. ನಾನೂ ನಕ್ಕೆ. ಕೋಸು ಕೃಷಿ ಇಲಾಖೆಗೆ ಬರಲ್ಲ ಅಣ್ಣ, ತೋಟಗಾರಿಕೆ ಇಲಾಖೆಗೆ ಬರುತ್ತೆ ಅಂತ ಉತ್ತರ ಕೊಟ್ಟು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಅವರೊಬ್ಬರದೇ ಅಲ್ಲ, ನಮ್ಮ ಬಹುಪಾಲು ಗೆಳೆಯರ ತಲೆಯಲ್ಲಿ ಇರೋದೂ ಇದೇ. ಹುಳ, ಔಷಧಿ, ಗೊಬ್ಬರ ಇವೆಲ್ಲ ಜಮೀನಿದ್ದೋರ ವಿಷಯ, ನಮ್ಮದು ಬೇರೆ ಅಂತ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಬಿಡುವಾದಾಗ ಓದಿ.

ನಮ್ಮೂರು ಕೋಲಾರ ಜಿಲ್ಲೆ, ಮಾಲೂರು ಕಡೆ. 2011ರ ಜನಗಣತಿ ಪ್ರಕಾರ ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಅತಿ ಹೆಚ್ಚಿರೋ ಜಿಲ್ಲೆ ನಮ್ಮದು, ನೂರಕ್ಕೆ 30. ಹೊರಗಿನೋರಿಗೆ ಕೋಲಾರ ಅಂದ್ರೆ ಟೊಮೆಟೊ. ಆದರೆ ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಎಲ್ಲಾನೂ ಬೆಳೆದು ಬೆಂಗಳೂರಿಗೆ ಕಳಿಸ್ತೀವಿ. "ಬೆಳೆದು" ಅಂದೆ ನೋಡಿ. ಬೆಳೆಯೋದು ನಾವೇ, ಪಹಣಿಯಲ್ಲಿರೋ ಹೆಸರು ಬೇರೆಯವರದು.

ಕೋಸಿನ ತೋಟದಲ್ಲಿ ಯಾರು ಯಾವ ಕೆಲಸ ಮಾಡಬೇಕು ಅನ್ನೋದನ್ನ ಯಾರೂ ಬರೆದಿಟ್ಟಿಲ್ಲ, ಆದ್ರೆ ಎಲ್ಲರಿಗೂ ಗೊತ್ತು. ಮಾರ್ಕೆಟ್ಟಿಗೆ ಹೋಗಿ ರೇಟು ಮಾತಾಡೋದು ಯಜಮಾನರು. ಡ್ರಿಪ್ಪು, ಮೋಟರು ನೋಡ್ಕೊಳ್ಳೋದು ಅವರ ಮಗ. ಕಳೆ ಕೀಳೋಕೆ, ಎಲೆ ಮಗುಚಿ ಹುಳ ಆರಿಸೋಕೆ ನಮ್ಮ ಕೇರಿ ಹೆಣ್ಣುಮಕ್ಕಳು. ಬೆನ್ನಿಗೆ 16 ಲೀಟರಿನ ಕ್ಯಾನು ಹೊತ್ತು ಔಷಧಿ ಹೊಡೆಯೋಕೆ ನಮ್ಮ ಕೇರಿ ಗಂಡಸರು. ಔಷಧಿ ಅಂತೀವಿ, ಕೆಲವು ಕಡೆ ಮದ್ದು ಅಂತಾರೆ. ವಿಷಕ್ಕೆ ಇಷ್ಟು ಒಳ್ಳೆ ಹೆಸರು ಯಾರು ಇಟ್ರೋ.

ನನ್ನ ಚಿಕ್ಕಪ್ಪ ಇಪ್ಪತ್ತು ವರ್ಷ ಈ ಕೆಲಸ ಮಾಡಿದೋನು. ಕೂಲಿ ದಿನದ ಲೆಕ್ಕ ಅಲ್ಲ, ಕ್ಯಾನಿನ ಲೆಕ್ಕ. ಒಂದು ಕ್ಯಾನು ಹೊಡೆದ್ರೆ ಇಷ್ಟು ಅಂತ. ಹಾಗಾಗಿ ಗಾಳಿ ತಿರುಗಲಿ, ಬಿಸಿಲೇರಲಿ, ನಿಲ್ಲಿಸೋ ಹಾಗಿಲ್ಲ. ನಿಂತ್ರೆ ಕೂಲಿ ನಿಂತಂತೆ. ಹೆಚ್ಚು ಕ್ಯಾನು ಹೊಡೆದಷ್ಟೂ ಅವನಿಗೂ ಲಾಭ, ಅಂಗಡಿಯವನಿಗೂ ಲಾಭ. ಹುಳಕ್ಕೆ ಮಾತ್ರ ಏನೂ ಆಗ್ತಿರಲಿಲ್ಲ, ಅದನ್ನ ಆಮೇಲೆ ಹೇಳ್ತೀನಿ.

2014ರ ಬೇಸಿಗೆ ಶುರುವಿನಲ್ಲಿ ಒಂದು ದಿನ. ಬೆಳಿಗ್ಗೆಯಿಂದ ಹೂಕೋಸಿಗೆ ಹೊಡೀತಿದ್ದ. ಮೂರು ಬಾಟಲಿಯ ಔಷಧಿ ಒಂದೇ ಬಕೀಟಿಗೆ ಸುರಿದು, ಕೋಲು ಸಿಗದೆ ಕೈಯಲ್ಲೇ ಕಲಸಿದ್ದ. ಹನ್ನೊಂದು ಗಂಟೆಗೆ ಬಾಯಾರಿ ಯಜಮಾನರ ಮನೆ ಬಾಗಿಲಿಗೆ ಹೋದ. ಆ ಮನೇಲಿ ನಮ್ಮೋರಿಗೆ ಲೋಟ ಕೊಡೋ ಪದ್ಧತಿ ಇಲ್ಲ. ಅಜ್ಜಿ ಚೊಂಬಿನಿಂದ ಮೇಲಿಂದ ನೀರು ಹುಯ್ದರು, ಇವನು ಬೊಗಸೆ ಒಡ್ಡಿ ಕುಡಿದ.

ಔಷಧಿ ಕಲಸಿದ ಅದೇ ಬೊಗಸೆ.

ಕೈ ತೊಳ್ಕೊಂಡು ಕುಡೀಬಾರದಿತ್ತಾ ಅಂತ ಕೇಳೋರು ಇದ್ದಾರೆ. ನಮ್ಮನೇಲೇ ಕೇಳಿದ್ರು. ಮೊದಲ ಚೊಂಬಿನ ನೀರಲ್ಲಿ ಕೈ ತೊಳೆದು ಎರಡನೇ ಚೊಂಬು ಕೇಳೋ ಧೈರ್ಯ ಇರೋ ಬಾಗಿಲಲ್ಲ ಅದು. ಸೋಪು ಅಂತೂ ದೂರದ ಮಾತು. ಲೋಟ ಒಂದಿದ್ದಿದ್ರೆ ಆ ವಿಷದಲ್ಲಿ ಸ್ವಲ್ಪವಾದ್ರೂ ಹೊಟ್ಟೆಗೆ ಹೋಗದೆ ಉಳೀತಿತ್ತು. ಎರಡು ಲೋಟ ಪದ್ಧತಿ ಬಗ್ಗೆ ನಾವು ಎಷ್ಟು ಭಾಷಣ ಮಾಡಿದ್ದೀವಿ! ಅವಮಾನದ ಬಗ್ಗೆ ಮಾತಾಡಿದ್ದೀವಿ, ಸಂವಿಧಾನದ 17ನೇ ವಿಧಿ ಬಗ್ಗೆ ಮಾತಾಡಿದ್ದೀವಿ. ಲೋಟ ಇಲ್ಲದಿದ್ರೆ ಕೀಟನಾಶಕ ನೇರವಾಗಿ ಬಾಯಿಗೆ ಹೋಗುತ್ತೆ ಅನ್ನೋದನ್ನ ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ನಾನೂ ಹೇಳಿಲ್ಲ.

ಒಂದು ಗಂಟೆ ಹೊತ್ತಿಗೆ ಬೆವರು ಸುರಿಯೋಕೆ ಶುರು, ಬಾಯಲ್ಲಿ ಜೊಲ್ಲು, ತೊಡೆಯ ಮಾಂಸ ತಾನಾಗೇ ಅದುರೋದು. ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ವಿ. ಅಲ್ಲಿ ಮೊದಲು ಕೇಳಿದ ಪ್ರಶ್ನೆ, "ಕುಡಿದಿದ್ದಾನಾ?"

ಚಿಕ್ಕಮ್ಮ ಸಾರಾಯಿ ಅಂದ್ಕೊಂಡು, "ಇಲ್ಲ ಸಾರ್, ಇವತ್ತು ಕುಡಿದಿಲ್ಲ" ಅಂದ್ಳು. ಅವರು ಕೇಳಿದ್ದು ವಿಷ. ನಾನು ಬಿಡಿಸಿ ಹೇಳೋ ಹೊತ್ತಿಗೆ ಚೀಟಿಯಲ್ಲಿ ವಿಷ ಸೇವನೆ ಅಂತ ಬರೆದಾಗಿತ್ತು. ಸಾಯಂಕಾಲ ಪೊಲೀಸರು ಬಂದು ಗಂಡ ಹೆಂಡತಿ ಜಗಳ ಆಗಿತ್ತಾ, ಸಾಲ ಇತ್ತಾ ಅಂತ ಕೇಳಿದ್ರು. ತೋಟದೋರು "ಬೆಳಿಗ್ಗೆನೇ ಎಣ್ಣೆ ಹಾಕ್ಕೊಂಡು ಬಂದಿದ್ದ" ಅಂದ್ರು. ಒಬ್ಬ ಕೂಲಿಯವನಿಗೆ ಕೆಲಸದ ಜಾಗದಲ್ಲಿ ಆದ ಅಪಘಾತ ಸಂಜೆಯೊಳಗೆ ಆತ್ಮಹತ್ಯೆ ಪ್ರಯತ್ನ ಆಗೋಯ್ತು. ಚಿಕ್ಕಪ್ಪ ಬದುಕಿದ. ಆದ್ರೆ ಕಾಲಲ್ಲಿ ಮೊದಲಿನ ಶಕ್ತಿ ಬರಲೇ ಇಲ್ಲ. ಅದು ಔಷಧಿಯಿಂದಾನೇ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ.

ಈಗ ಹುಳದ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ಯಾವ ಹುಳಕ್ಕಾಗಿ ಹೊಡೀತಿದ್ವಿ ಅನ್ನೋದನ್ನ ತಿಳ್ಕೊಳ್ಳೋಕೆ ನನಗೆ ಹತ್ತು ವರ್ಷ ಬೇಕಾಯ್ತು.

ಕೋಸಿಗೆ ಹಲವು ಹುಳ ಬೀಳುತ್ತೆ. ಬೆನ್ನು ಗೂನು ಮಾಡಿ ನಡೆಯೋ ಕೊಂಡ್ಲಿ ಹುಳ, ಎಲೆಗಳನ್ನ ಬಲೆಯಿಂದ ಹೆಣೆದು ಒಳಗೆ ಕೂತು ತಿನ್ನೋ ಹುಳ, ಎಳೇ ಸಸಿಯ ಕುಡಿಯನ್ನೇ ಕೊರೆದುಬಿಡೋ ಹುಳ, ಒಂದೇ ಎಲೆಗೆ ಗುಂಪಾಗಿ ಮೊಟ್ಟೆ ಇಡೋ ತಂಬಾಕಿನ ಹುಳ. ಆದರೆ ಅಸಲಿ ತಲೆನೋವು ಅಂದ್ರೆ ಅಂಗಡಿಯೋರು ಡಿಬಿಎಂ ಅಂತಾರಲ್ಲ, ಅದು. ಡೈಮಂಡ್ ಬ್ಯಾಕ್ ಮಾತ್, ವಜ್ರಬೆನ್ನಿನ ಚಿಟ್ಟೆ. ರೆಕ್ಕೆ ಮಡಿಸಿ ಕೂತಾಗ ಬೆನ್ನ ಮೇಲೆ ವಜ್ರದ ಆಕಾರ ಕಾಣುತ್ತೆ. ಹುಳ ಹಸಿರು, ಅರ್ಧ ಇಂಚೂ ಇರಲ್ಲ, ಮುಟ್ಟಿದ್ರೆ ಮಿಡುಕಿ ನೂಲು ಬಿಟ್ಕೊಂಡು ಎಲೆಯಿಂದ ಕೆಳಗೆ ಜೋತು ಬೀಳುತ್ತೆ. ಬಿಸಿಲುಗಾಲದಲ್ಲಿ ಮೊಟ್ಟೆಯಿಂದ ಚಿಟ್ಟೆ ಆಗೋಕೆ ಎರಡು ಮೂರು ವಾರ ಸಾಕು. ಅಂದ್ರೆ ಮೂರು ತಿಂಗಳ ಕೋಸಿನಲ್ಲಿ ನಾಲ್ಕೈದು ತಲೆಮಾರು.

ಈ ತಲೆಮಾರಿನ ಲೆಕ್ಕದಲ್ಲೇ ಗುಟ್ಟಿರೋದು. ಔಷಧಿ ಹೊಡೆದಾಗ ನೂರಕ್ಕೆ ತೊಂಬತ್ತೈದು ಸಾಯುತ್ತೆ ಅಂದ್ಕೊಳ್ಳಿ. ಉಳಿದ ಐದಕ್ಕೆ ಆ ವಿಷ ತಡ್ಕೊಳ್ಳೋ ಗುಣ ಇರುತ್ತೆ. ಮುಂದಿನ ತಲೆಮಾರು ಆ ಐದರ ಮಕ್ಕಳದ್ದು. ಅವಕ್ಕೆ ಇನ್ನೂ ಜೋರಾಗಿ ಹೊಡೀತೀವಿ, ಅದರಲ್ಲೂ ತಡ್ಕೊಂಡವು ಉಳೀತಾವೆ. 1953ರಲ್ಲೇ ಇಂಡೋನೇಷ್ಯಾದ ಜಾವಾದಲ್ಲಿ ಈ ಹುಳ ಡಿಡಿಟಿಗೆ ಬಗ್ಗಲ್ಲ ಅಂತ ವರದಿಯಾಗಿತ್ತು. ನಮ್ಮ ದೇಶದಲ್ಲಿ 1968ರಲ್ಲಿ ಲೂಧಿಯಾನದಿಂದ ಅಂಥದೇ ವರದಿ ಬಂತು. ಅಂದ್ರೆ ನಾನು ಹುಟ್ಟೋ ಮುಂಚೆನೇ ಈ ಹುಳ ಗೆದ್ದಾಗಿತ್ತು. ಅದಾದ ಮೇಲೆ ಬಂದ ಒಂದೊಂದು ಹೊಸ ಬಾಟಲಿಯ ಕಥೆಯೂ ಹೆಚ್ಚುಕಡಿಮೆ ಇಷ್ಟೇ. ಎರಡು ಮೂರು ವರ್ಷ ಕೆಲಸ, ಆಮೇಲೆ ಎರಡರಷ್ಟು ಡೋಸು, ಆಮೇಲೆ ಇನ್ನೊಂದರ ಜೊತೆ ಮಿಕ್ಸಿಂಗು, ಆಮೇಲೆ ಇನ್ನೂ ದುಬಾರಿ ಬಾಟಲಿ. ಆ ಎರಡರಷ್ಟು ಡೋಸನ್ನ ಉಸಿರಾಡಿದ್ದು ಯಾರು? ಹುಳಕ್ಕೆ ನಿರೋಧಕ ಶಕ್ತಿ ಬಂತು, ನನ್ನ ಚಿಕ್ಕಪ್ಪನಿಗೆ ಬರಲಿಲ್ಲ.

ಇನ್ನೊಂದು ಇದೆ. ಈ ಹುಳದ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನ ಒಳಗಿಂದಾನೇ ತಿಂದು ಮುಗಿಸೋ ಒಂದು ಪುಟ್ಟ ಕಪ್ಪು ಕಣಜ ನಮ್ಮ ಹೊಲಗಳಲ್ಲಿದೆ. ಕೋಟೀಸಿಯಾ ಅಂತ ಅದರ ಹೆಸರು. ಎಲೆ ಮೇಲೆ ನುಚ್ಚಕ್ಕಿಯಂಥ ಬಿಳಿ ಗೂಡು ಕಾಣುತ್ತಲ್ಲ, ಅದು ಇದರದ್ದೇ. ನಾವು ಅದನ್ನೂ ಹುಳದ ಮೊಟ್ಟೆ ಅಂದ್ಕೊಂಡು ಹೊಸಕಿ ಹಾಕ್ತಿದ್ವಿ. ಔಷಧಿ ಹೊಡೆದ್ರೆ ಮೊದಲು ಸಾಯೋದು ಈ ಕಣಜ. ನಮ್ಮ ಕಡೆಯೋರನ್ನೇ ಮೊದಲು ಮುಗಿಸಿ ಆಮೇಲೆ ಯುದ್ಧಕ್ಕೆ ಹೋದಂಗೆ.

ಹಾಗಾದ್ರೆ ದಾರಿ ಇಲ್ವಾ? ಇದೆ, ಅದೂ ನಮ್ಮ ಪಕ್ಕದಲ್ಲೇ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿನ ವಿಜ್ಞಾನಿಗಳು 1990ರ ಹೊತ್ತಿಗೇ ಸಾಸಿವೆ ಸಾಲಿನ ಉಪಾಯ ತೋರಿಸಿದ್ರು. ಕೋಸಿನ ಘಾಟು ಹುಡುಕಿ ಬರೋ ಚಿಟ್ಟೆಗೆ ಸಾಸಿವೆಯ ಘಾಟು ಇನ್ನೂ ಇಷ್ಟ. ಕೋಸಿನ ಜೊತೆ ಸಾಸಿವೆ ಇದ್ರೆ ಅಲ್ಲಿಗೇ ಹೋಗಿ ಮೊಟ್ಟೆ ಇಡುತ್ತೆ. ಅವರು ಹೇಳಿದ ಲೆಕ್ಕ: ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನ ಕೋಸಿನ ಸಸಿ ನಾಟಿ ಮಾಡೋ 15 ದಿನ ಮೊದಲೇ ಬಿತ್ತಬೇಕು. ಇನ್ನೊಂದನ್ನ ನಾಟಿಯಾದ 25 ದಿನಕ್ಕೆ. ಮೊದಲ ಸಾಲು ಬಲಿತು ಒಣಗೋ ಹೊತ್ತಿಗೆ ಎರಡನೇದು ಎಳಸಾಗಿ ಕಾಯ್ತಿರುತ್ತೆ. ತೋಟದ ಎರಡೂ ಅಂಚಿಗೆ ಸಾಸಿವೆನೇ ಇರಬೇಕು. ಬಲೆ ಹೆಣೆಯೋ ಹುಳವೂ ಈ ಸಾಸಿವೆಗೇ ಬೀಳುತ್ತೆ. ಕೋಸಿನ ಮೇಲೆ ಅಷ್ಟಿಷ್ಟು ಉಳಿದದ್ದಕ್ಕೆ ಬೇವಿನ ಬೀಜದ ಕಷಾಯ. ಲೀಟರಿಗೆ 40 ಗ್ರಾಂ ಬೀಜದ ಪುಡಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪಿನ ನೀರು ಸೇರಿಸಿ, ಎಲೆಯ ಅಡಿಭಾಗಕ್ಕೂ ತಾಗೋ ಹಾಗೆ ಹೊಡೀಬೇಕು. ಅದೇ ಸಂಸ್ಥೆಯೋರು ಬೇವಿನ ಸೋಪು, ಹೊಂಗೆ ಸೋಪು ಅಂತಾನೂ ಮಾಡಿದ್ದಾರೆ.

ಇದೇನೂ ಮಂತ್ರ ಅಲ್ಲ. ಸಾಸಿವೆ ಮೇಲೆ ಬಂದ ಹುಳಾನ ಅಲ್ಲೇ ಮುಗಿಸದಿದ್ರೆ ಅದೇ ಹುಳದ ನರ್ಸರಿ ಆಗುತ್ತೆ. ಹಳೇ ಕರಪತ್ರಗಳಲ್ಲಿ ಸಾಸಿವೆ ಸಾಲಿಗೆ ಮಾತ್ರ ಡೈಕ್ಲೋರ್‌ವಾಸ್ ಹೊಡೀರಿ ಅಂತ ಬರೆದಿರುತ್ತೆ. ಆ ವಿಷವನ್ನ 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ನಿಷೇಧ ಮಾಡಿದ್ದಾರೆ. ಆ ಕರಪತ್ರ ಇಟ್ಕೊಂಡಿರೋರು ದಯವಿಟ್ಟು ಆ ಸಾಲು ಹೊಡೆದುಹಾಕಿ. ಸಾಸಿವೆಗೆ ಈಗ ಬಿಟಿ ಹೊಡೀಬಹುದು. ಬಿಟಿ ಹತ್ತಿ ಅಲ್ಲ, ಅದೇ ಬ್ಯಾಕ್ಟೀರಿಯಾದ ಪುಡಿ. ಹುಳ ಅದನ್ನ ತಿಂದ್ರೆ ಹೊಟ್ಟೆ ಕೆಟ್ಟು ಮೇಯೋದು ನಿಲ್ಲಿಸುತ್ತೆ, ಎರಡು ಮೂರು ದಿನಕ್ಕೆ ಸಾಯುತ್ತೆ. ಬಿಸಿಲಿಗೆ ಅದರ ಶಕ್ತಿ ಹೋಗುತ್ತೆ, ಅದಕ್ಕೆ ಸಂಜೆ ಹೊಡೀಬೇಕು. ರಾಸಾಯನಿಕಕ್ಕೆ ಹೋಲಿಸಿದ್ರೆ ಹೊಡೆಯೋ ಮನುಷ್ಯನಿಗೆ ಅಪಾಯ ತೀರಾ ಕಡಿಮೆ. ಆದರೆ ನಮ್ಮ ಜಿಲ್ಲೆಯೋರಿಗೆ ಒಂದು ಮಾತು. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ರೆ ಬಿಟಿ ತರಬೇಡಿ, ಗಾಳಿಗೆ ಹಾರಿ ಆ ಸೊಪ್ಪಿಗೆ ಬಿದ್ರೆ ರೇಷ್ಮೆಹುಳಾನೂ ಸಾಯುತ್ತೆ. ಬಿಟಿ ಒಂದನ್ನೇ ನೆಚ್ಕೊಂಡ್ರೂ ಕಷ್ಟ. ಹವಾಯಿ ದ್ವೀಪದಲ್ಲಿ ಇದೇ ಹುಳ ಅದಕ್ಕೂ ಒಗ್ಗಿಕೊಂಡಿತ್ತು ಅಂತ 1990ರಲ್ಲೇ ವರದಿಯಾಗಿದೆ. ಕೊಯ್ಲಾದ ಮೇಲೆ ಕೂಳೆ, ಎಲೆ ಹಾಗೇ ಬಿಡದೆ ಉತ್ತು ಮಣ್ಣಿಗೆ ಸೇರಿಸೋದು ಎಲ್ಲಕ್ಕಿಂತ ಸಸ್ತಾ ಕೆಲಸ. ಅದನ್ನೂ ಮಾಡಲ್ಲ.

ಇಷ್ಟು ದಿನ ಇದು ನಮ್ಮೂರಿಗೆ ಯಾಕೆ ಬರಲಿಲ್ಲ? ಇದು ನನ್ನನ್ನ ಕಾಡೋ ಪ್ರಶ್ನೆ. ಹೆಸರಘಟ್ಟ ನಮಗೇನು ಸಮುದ್ರದಾಚೆ ಇಲ್ಲ. ನನಗೆ ಕಂಡ ಕಾರಣ ಹೇಳ್ತೀನಿ, ಒಪ್ಪದೋರು ಜಗಳ ಮಾಡಿ. ತರಬೇತಿ ನಡೆಯೋದು ರೈತರಿಗೆ. ರೈತ ಅಂದ್ರೆ ಪಹಣಿ ಇರೋನು. ತರಬೇತಿಗೆ ಹೋಗೋದು, ಊಟ ಮಾಡಿ ಬ್ಯಾಗು ತಗೊಂಡು ಬರೋದು ಯಜಮಾನರು. ಮಾರನೇ ದಿನ ಕ್ಯಾನು ಹೊರೋದು ನನ್ನ ಚಿಕ್ಕಪ್ಪ, ಅವನಿಗೆ ಆ ಬ್ಯಾಗಲ್ಲಿ ಏನಿತ್ತು ಅಂತಾನೂ ಗೊತ್ತಿಲ್ಲ. ಯಾವ ಔಷಧಿ, ಎಷ್ಟು, ಯಾವಾಗ ಅಂತ ತೀರ್ಮಾನ ಮಾಡೋನು ಅದನ್ನ ಉಸಿರಾಡಲ್ಲ, ಉಸಿರಾಡೋನಿಗೆ ತೀರ್ಮಾನ ಮಾಡೋ ಹಕ್ಕಿಲ್ಲ. ವಿಷದ ಖರ್ಚು ತನ್ನ ಮೈಗೆ ಬೀಳದಿದ್ದಾಗ ಎರಡು ಸಾಲು ಜಾಗ ಸಾಸಿವೆಗೆ ಬಿಡೋ ತಾಳ್ಮೆ ಯಾರಿಗಿರುತ್ತೆ? ಹುಳ ಮೂರು ದಿನಕ್ಕೆ ಸಾಯುತ್ತೆ ಅಂದ್ರೆ ಅವರಿಗೆ ಆಗಲ್ಲ, ಸಂಜೆಯೊಳಗೆ ಉದುರಬೇಕು. ಇದನ್ನ ಬರೀ ಕೀಟಶಾಸ್ತ್ರ ಅನ್ನೋಕೆ ನನಗಾಗಲ್ಲ, ಜಾತಿನೂ ಇದರೊಳಗಿದೆ.

ಕಾನೂನು ಇಲ್ವಾ ಅಂದ್ರೆ, ಚೆನ್ನಾಗೇ ಇದೆ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು. ಅದರಲ್ಲಿ 37ನೇ ನಿಯಮದಿಂದ 42ನೇ ನಿಯಮದವರೆಗೆ ಓದಿ ನೋಡಿ. ಔಷಧಿ ಹೊಡೆಯೋ ಕೆಲಸದೋರಿಗೆ ವೈದ್ಯಕೀಯ ತಪಾಸಣೆ, ಪ್ರಥಮ ಚಿಕಿತ್ಸೆ, ರಕ್ಷಣಾ ಉಡುಪು, ಉಸಿರಾಟದ ಸಾಧನ, ವಿಷಕ್ಕೆ ಪ್ರತಿಮದ್ದು, ತರಬೇತಿ ಎಲ್ಲಾ ಇದೆ. ಕೆಲವು ಬಗೆಯ ವಿಷದ ಜೊತೆ ಕೆಲಸ ಮಾಡೋರ ರಕ್ತಾನ ತಿಂಗಳು ತಿಂಗಳೂ ಪರೀಕ್ಷೆ ಮಾಡಬೇಕು ಅಂತಾನೂ ಇದೆ. ಐವತ್ತು ವರ್ಷ ದಾಟಿದ ನಿಯಮ. ನಮ್ಮ ಕೇರಿಯಲ್ಲಿ ಒಬ್ಬನ ರಕ್ತವನ್ನೂ ಅದಕ್ಕಾಗಿ ಯಾರೂ ತೆಗೆದಿಲ್ಲ. ವಿಷ ತಗುಲಿದ ಪ್ರಕರಣಗಳನ್ನ ಕಡ್ಡಾಯವಾಗಿ ವರದಿ ಮಾಡಿಸೋ ಅಧಿಕಾರ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ ರಾಜ್ಯ ಸರ್ಕಾರಕ್ಕಿದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದು ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತಾಗ ದೇಶ ಒಂದು ವಾರ ಮಾತಾಡ್ತು. ಒಬ್ಬೊಬ್ಬರಾಗಿ ಆಸ್ಪತ್ರೆಗೆ ಹೋಗೋರ ಲೆಕ್ಕ "ಕುಡಿದಿದ್ದಾನಾ" ಅನ್ನೋ ಪ್ರಶ್ನೆಯಲ್ಲೇ ಮುಳುಗಿ ಹೋಗುತ್ತೆ.

ಇಲ್ಲಿಗೆ ಕೆಲವು ಗೆಳೆಯರು "ಅದಕ್ಕೇ ಸಾವಯವ ಬೇಕು" ಅಂತ ಬರೀತಾರೆ ಅಂತ ಗೊತ್ತು. ಸ್ವಲ್ಪ ತಾಳಿ. ಬೆಂಗಳೂರಿನ ಅಂಗಡಿಗೆ ಹೋಗೋ ಸಾವಯವ ಕೋಸಿನ ತೋಟದಲ್ಲೂ ನಮ್ಮೋರು ಕೆಲಸ ಮಾಡ್ತಾರೆ. ಅಲ್ಲಿ ವಿಷ ಇಲ್ಲ, ಒಪ್ಪಿದೆ, ಅದು ಸಣ್ಣ ವಿಷಯ ಅಲ್ಲ. ಆದರೆ ದಿನಪೂರ್ತಿ ಬಗ್ಗಿ ಎಲೆ ಮಗುಚಿ ಹುಳ ಆರಿಸೋ ಹೆಂಗಸಿನ ಕೂಲಿ ಹೆಚ್ಚಾಗಿಲ್ಲ, ಅವಳಿಗೆ ಲೋಟ ಸಿಕ್ಕಿಲ್ಲ. ಕೋಸಿನ ಬೆಲೆ ಮಾತ್ರ ಎರಡರಷ್ಟು. ಗೋವನ್ನ ಪೂಜಿಸಿ ಕೂಲಿಯವಳನ್ನ ಹೊರಗೆ ನಿಲ್ಲಿಸೋ ನೈಸರ್ಗಿಕ ಕೃಷಿ ನನಗೆ ಬೇಡ.

ನಮ್ಮ ತಪ್ಪನ್ನೂ ಹೇಳ್ಬೇಕು. ನಮ್ಮ ಕೇರಿಯಲ್ಲೂ ಈಗ ಗುತ್ತಿಗೆಗೆ ಜಮೀನು ಹಿಡಿದು ಕೋಸು ಬೆಳೆಯೋರಿದ್ದಾರೆ. ಬಂಡವಾಳ ಸಾಲದ್ದು, ಬೆಳೆ ಹೋದ್ರೆ ಮನೆ ಹೋಗುತ್ತೆ, ಹಾಗಾಗಿ ಭಯಕ್ಕೆ ಇನ್ನೂ ಜಾಸ್ತಿ ಹೊಡೀತಾರೆ. ಕ್ಯಾನು ಹೊರೋಕೆ ಇನ್ನೂ ಬಡವರಾದ ನಮ್ಮ ಹುಡುಗರನ್ನೇ ಕರೀತಾರೆ, ಅವರೂ ಗ್ಲೌಸ್ ಕೊಡಲ್ಲ. ನನ್ನ ಸ್ವಂತ ಭಾವನೇ ಹೀಗೆ ಮಾಡ್ತಿದ್ದ. ಕೇಳಿದ್ದಕ್ಕೆ, "ಗ್ಲೌಸ್ ಹಾಕ್ಕೊಂಡ್ರೆ ಸೆಕೆ ಆಗುತ್ತೆ ಅಂತ ಅವರೇ ಬಿಸಾಕ್ತಾರಪ್ಪ" ಅಂದ. ಅದೂ ಸುಳ್ಳಲ್ಲ. ಚಿಕ್ಕಬಳ್ಳಾಪುರದ ಬಿಸಿಲಿಗೂ ಕೋಲಾರದ ಬಿಸಿಲಿಗೂ ಆ ದಪ್ಪ ಉಡುಪು ಹಾಕ್ಕೊಂಡು ಯಾರೂ ಅರ್ಧ ದಿನ ದುಡಿಯೋಕಾಗಲ್ಲ. ಅದಕ್ಕೇ ನಾನು ಉಡುಪಿಗಿಂತ ಮೊದಲು ವಿಷಾನೇ ಕಡಿಮೆ ಮಾಡಿ ಅನ್ನೋದು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಕಲ್ಲಿದ್ದಲು ಗಣಿಯೊಳಗೆ ಇಳಿದು ಕೂಲಿಯವರ ಸ್ಥಿತಿ ನೋಡಿ ಬಂದಿದ್ರು. ಕಮೆಂಟ್ ಹಾಕಿದ ಅಣ್ಣನಿಗೆ ನನ್ನ ಉತ್ತರ ಅದು. ನಾವು ಒಂದು ಕೋಸಿನ ತೋಟಕ್ಕೆ ಇಳಿದು ನೋಡೋಣ.

ಕೆಲಸಕ್ಕೆ ಬರೋ ನಾಲ್ಕು ಮಾತು ಹೇಳಿ ಮುಗಿಸ್ತೀನಿ. ಔಷಧಿ ಡಬ್ಬದ ಮೇಲೆ ತ್ರಿಕೋನದ ಗುರುತು ಇರುತ್ತೆ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬರದೋರಿಗೂ ಈ ಬಣ್ಣ ಕಲಿಸಬಹುದು. ಯಾರಿಗಾದ್ರೂ ಔಷಧಿ ತಗುಲಿ ಬೆವರು, ಜೊಲ್ಲು, ವಾಂತಿ ಶುರುವಾದ್ರೆ ಮೊದಲು ಬಟ್ಟೆ ಬಿಚ್ಚಿಸಿ ಸೋಪು ನೀರಲ್ಲಿ ಮೈ ತೊಳೀರಿ. ತೊಳೆಯೋರೂ ಬರಿಗೈಯಲ್ಲಿ ಮುಟ್ಟಬೇಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಆಸ್ಪತ್ರೆಗೆ ಓಡುವಾಗ ಆ ಡಬ್ಬ, ಚೀಟಿ ಜೊತೆಗೆ ತಗೊಂಡ್ಹೋಗಿ, ಪ್ರತಿಮದ್ದು ಯಾವುದು ಅಂತ ಅದರಲ್ಲೇ ಬರೆದಿರುತ್ತೆ. ಅಲ್ಲಿ ಕೇಳಿದ ತಕ್ಷಣ ಸ್ಪಷ್ಟವಾಗಿ ಹೇಳಿ, "ಕುಡಿದಿಲ್ಲ, ಕೂಲಿಗೆ ಔಷಧಿ ಹೊಡೀತಿದ್ದ." ಹಾಗೇ ಬರೆಸಿ. ಬರೆದದ್ದರ ಫೋಟೋ ತಗೊಳ್ಳಿ.

ಕೋಲಾರ, ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆಯ ಗೆಳೆಯರು ನಿಮ್ಮ ಊರಲ್ಲಿ ಕ್ಯಾನಿನ ಲೆಕ್ಕದಲ್ಲಿ ದುಡಿಯೋರು ಎಷ್ಟು ಜನ, ಯಾವ ಡಬ್ಬ, ಯಾವ ಬಣ್ಣದ ತ್ರಿಕೋನ ಅಂತ ಇನ್‌ಬಾಕ್ಸಿಗೆ ಹಾಕಿ. ಹೆಸರು ಬೇಡ. ಲೆಕ್ಕ ಸೇರಿದ ಮೇಲೆ ಜಿಲ್ಲಾಧಿಕಾರಿಗಳಿಗೆ 37ರಿಂದ 42ನೇ ನಿಯಮ ಜಾರಿ ಮಾಡಿ ಅಂತ ಮನವಿ ಕೊಡೋಣ, ತರಬೇತಿಗೆ ಪಹಣಿ ಕೇಳದೆ ಕೂಲಿಯೋರನ್ನೂ ಕರೀರಿ ಅಂತಾನೂ.

ಭಾವ ಹಿಡಿದಿರೋ ಅರ್ಧ ಎಕರೆಯಲ್ಲಿ ಈ ಸಲ ಸಾಸಿವೆ ಬಿತ್ತಿದ್ದೀವಿ. ಬೈಕೊಂಡೇ ಒಪ್ಕೊಂಡ. ಇವತ್ತಿಗೆ ಒಂಬತ್ತು ದಿನ, ಮೊಳಕೆ ಎದ್ದು ಎರಡೆಲೆ ಬಿಟ್ಟಿದೆ. ಕೋಸಿನ ಸಸಿ ಮುಂದಿನ ವಾರ ನಾಟಿ. ಚಿಕ್ಕಪ್ಪ ಕೋಲೂರಿಕೊಂಡು ಬಂದು ಬದುವಿನ ಮೇಲೆ ಕೂತು, ಈ ಸಾಲು ಸೊಟ್ಟಗಿದೆ ಅಂತ ಹೇಳಿ ಹೋದ. ಏನಾಗುತ್ತೋ ಫೋಟೋ ಸಮೇತ ಹಾಕ್ತೀನಿ, ಕೆಟ್ರೂ ಹಾಕ್ತೀನಿ.

ಜೈ ಭೀಮ್.